ಬಾವಿಯ ಸೆಲೆಯನ್ನು ಅಳೆದ ಕಥೆ

ಕಪಿಲೆಯ ಕಾಲದಲ್ಲಿ ನಮ್ಮ ಅಕ್ಕಲಕೋಟ ಸೀಮೆಯ ಹಿರಿಯರು ಬಾವಿಯ ಬಗ್ಗೆ ಕೇಳುತ್ತಿದ್ದುದು ಒಂದೇ ಮಾತು: “ಸಂಜೆ ಬತ್ತಿಸಿದ ಬಾವಿ ಮುಂಜಾನೆಗೆ ಎಷ್ಟು ಮೊಳ ಏರಿತು?” ನೀರು ಎಷ್ಟಿದೆ ಎಂಬುದಕ್ಕಿಂತ, ತೆಗೆದ ನೀರು ಎಷ್ಟು ಬೇಗ ಮರಳಿ ಬರುತ್ತದೆ ಎಂಬುದೇ ಮುಖ್ಯ. ವಿಜ್ಞಾನ ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನು ನೋಡೋಣ.

1856ರಲ್ಲಿ, ಅಂದರೆ ಸಿಪಾಯಿ ದಂಗೆಯ ಹಿಂದಿನ ವರ್ಷ, ಫ್ರಾನ್ಸಿನ ಇಂಜಿನಿಯರ್ ಆನ್ರಿ ದಾರ್ಸಿ ದಿಜೋನ್ ಪಟ್ಟಣದಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿದಾಗ, ಎರಡು ತುದಿಗಳ ನೀರಿನ ಮಟ್ಟದ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚಿತು. ಮರಳಿನ ಪದರ ಉದ್ದವಾದಷ್ಟೂ ಕಡಿಮೆಯಾಯಿತು. ಉಳಿದದ್ದು ಮಣ್ಣಿನ ಗುಣ.

ಆದರೆ ಅಗೆದು ತಂದ ಮಣ್ಣು ನೆಲದೊಳಗಿನ ಮಣ್ಣಿನಂತೆ ಇರುವುದಿಲ್ಲ. 1951ರಲ್ಲಿ ಅಮೆರಿಕದ ಸೇನೆಯ ಇಂಜಿನಿಯರಿಂಗ್ ವಿಭಾಗಕ್ಕಾಗಿ ಹ್ವೋರ್ಸ್ಲೆವ್ ಅವರು ನೆಲದಲ್ಲಿಯೇ ಪರೀಕ್ಷಿಸುವ ಲೆಕ್ಕ ಕೊಟ್ಟರು. ನೆಲಕ್ಕಿಳಿಸಿದ ಕೊಳವೆಯ ನೀರನ್ನು ಏರಿಸಿ ಅಥವಾ ಇಳಿಸಿ, ಅದು ಮೊದಲಿನ ಮಟ್ಟಕ್ಕೆ ಬರುವ ಸಮಯ ನೋಡುವುದು. ನಮ್ಮ ಹಿರಿಯರ ಪ್ರಶ್ನೆಯೂ ಇದೇ ಅಲ್ಲವೇ? ಮುಂದೆ ಉಕ್ಕಿನ ಶಂಕುವನ್ನು ಮೆದು ಮಣ್ಣಿಗೆ ಒತ್ತಿ, ಅಲ್ಲಿ ಉಂಟಾದ ನೀರಿನ ಒತ್ತಡ ಇಳಿಯುವುದನ್ನು ಅಳೆಯುವ ಶೋಧಕಗಳೂ ಬಂದವು. ಮರಳಿನಲ್ಲಿ ಅದು ಕ್ಷಣದಲ್ಲಿ ಇಳಿಯುತ್ತದೆ. ಜೇಡಿಯಲ್ಲಿ ಗಂಟೆಗಳೇ ಬೇಕು.

ನಮ್ಮ ನೆಲದಲ್ಲಿ ಈ ಶಂಕು ಹೆಚ್ಚು ಆಳಕ್ಕೆ ಹೋಗದು. ಎರೆ ಮಣ್ಣು, ಅದರ ಕೆಳಗೆ ಮುರುಮು, ಆಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆದ ಕಪ್ಪು ಕಲ್ಲು. ಬಾವಿಯ ಸೆಲೆ ಇರುವುದು ಮುರುಮಿನಲ್ಲಿ, ಕಲ್ಲಿನ ಬಿರುಕಿನಲ್ಲಿ. ಎರೆಯೂ ಋತುವಿಗೊಂದು ಗುಣ ತೋರುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೊದಲ ಮಳೆಯನ್ನು ನುಂಗುತ್ತದೆ. ನೆನೆದು ಉಬ್ಬಿದ ಮೇಲೆ ನೀರು ನಿಂತುಬಿಡುತ್ತದೆ. ವೈಶಾಖದಲ್ಲಿ ಅಳೆದ ಅಂಕಿ ಶ್ರಾವಣಕ್ಕೆ ಸಲ್ಲದು.

1972ರ ಬರ ನಮ್ಮ ಸೀಮೆಗೆ ಮರೆಯಲಾಗದ ಪಾಠ. ಅದೇ ವರ್ಷ ಮಹಾರಾಷ್ಟ್ರ ಸರಕಾರದ ಭೂಜಲ ಸಮೀಕ್ಷಾ ಸಂಸ್ಥೆ ಹುಟ್ಟಿತು. ಗೊತ್ತುಪಡಿಸಿದ ಬಾವಿಗಳ ನೀರಿನ ಮಟ್ಟವನ್ನು ಅದು ಮಳೆಗಾಲದ ಮೊದಲು ಮತ್ತು ನಂತರ ಅಳೆಯುತ್ತದೆ.

ಸಾಲ ಮಾಡಿ ಬೋರ್ ಹೊಡೆಸುವ ಮೊದಲು ನಾವೂ ಒಂದು ರಾತ್ರಿ ಅಳೆಯೋಣ. ಬಾವಿ ಬತ್ತಿಸಿ, ಗುರುತು ಹಾಕಿದ ಹಗ್ಗ ಇಳಿಬಿಟ್ಟು, ಗಂಟೆಗೊಮ್ಮೆ ಬರೆದಿಡೋಣ. ಒಂದು ಮೊಳ ಏರಿದರೂ ಅಗಲ ಬಾವಿಗೆ ಬಂದ ನೀರು ಹೆಚ್ಚು, ಕಿರಿದು ಬಾವಿಗೆ ಕಡಿಮೆ. ಈ ಲೆಕ್ಕವನ್ನು ಶಾಲೆಯ ಮಕ್ಕಳೇ ಮಾಡಿಕೊಡುತ್ತಾರೆ. ಇರುವ ಸೆಲೆಯ ಬಲ ತಿಳಿಯದೆ ಹೊಸ ರಂಧ್ರ ಕೊರೆಯುವುದು ಜಾಣತನವಲ್ಲ.