ಒಂದು ಕಥೆ, ಮೂರು ಶೀರ್ಷಿಕೆ: ‘ಬೇಡರ ಕಣ್ಣಪ್ಪ’ದ ಸಂಜ್ಞಾವ್ಯವಸ್ಥೆ

ಕನ್ನಡ ಚಲನಚಿತ್ರಗಳ ಸಂಜ್ಞಾವಿಶ್ಲೇಷಣೆಯು ಬಹುಮಟ್ಟಿಗೆ 1970ರ ‘ಸಂಸ್ಕಾರ’ದಿಂದ ಆರಂಭವಾಗುತ್ತದೆ. ಕಂಪನಿ ನಾಟಕದ ಒಡಲಿನಿಂದ ಬಂದ ಪೌರಾಣಿಕ ಚಿತ್ರಗಳಲ್ಲಿ ವಿಶ್ಲೇಷಣೆಗೆ ತಕ್ಕ ಜಟಿಲತೆ ಇಲ್ಲವೆಂಬ ಗ್ರಹಿಕೆ ಇದರ ಹಿಂದಿರುವಂತಿದೆ. ಈ ಗ್ರಹಿಕೆಯನ್ನು ಒಪ್ಪುವುದು ಕಷ್ಟ. ತುಮಕೂರಿನ ಬಟವಾಡಿಯಿಂದ ಪಶ್ಚಿಮಕ್ಕೆ ಕೆಲವೇ ಹರದಾರಿ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯ ಪರಂಪರೆಯೇ, ಗುಬ್ಬಿ ವೀರಣ್ಣನವರ ಮೂಲಕ, 1954ರ ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ದಾರಿಯಾಯಿತು. ಎಚ್.ಎಲ್.ಎನ್. ಸಿಂಹ ಅದರ ನಿರ್ದೇಶಕರು. ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರವದು.

ಕಣ್ಣಪ್ಪನ ಕಥೆಯ ತಿರುಳೇ ಸಂಜ್ಞೆಯ ಕುರಿತಾದ ವ್ಯಾಜ್ಯ. ಬೇಡನು ಅರ್ಪಿಸುವ ಮಾಂಸವು ಅರ್ಚಕನ ಸಂಹಿತೆಯಲ್ಲಿ ಮೈಲಿಗೆ, ಬೇಡನ ಸಂಹಿತೆಯಲ್ಲಿ ತನಗಿರುವುದರಲ್ಲೇ ಶ್ರೇಷ್ಠವಾದದ್ದು. ಸೂಚಕ ಒಂದೇ, ಸೂಚಿತ ಎರಡು. ಇಲ್ಲಿಯವರೆಗೆ ಸಸ್ಯೂರ್ ಹೇಳಿದ ಯಾದೃಚ್ಛಿಕ ಸಂಬಂಧವೇ ವಿವರಣೆಗೆ ಸಾಕು. ಪಾದದ ವಿಷಯಕ್ಕೆ ಬಂದಾಗ ಅದು ಸಾಲದು. ಒಂದು ಕಣ್ಣನ್ನು ಕಿತ್ತಿಟ್ಟ ಬೇಡನು ಎರಡನೆಯದನ್ನೂ ಕೀಳಬೇಕು. ಕಿತ್ತರೆ ಕುರುಡನಾಗುತ್ತಾನೆ, ಇಡಬೇಕಾದ ಜಾಗ ತಿಳಿಯದು. ಆದುದರಿಂದ ಲಿಂಗದ ನೆತ್ತರೊಸರುವ ಕಣ್ಣಿನ ಮೇಲೆ ತನ್ನ ಪಾದವನ್ನೇ ಗುರುತಾಗಿ ಊರುತ್ತಾನೆ. ದೇವರಿಗೆ ಕಾಲು ಸೋಕುವುದು ರೂಢಿಯ ಸಂಕೇತದಲ್ಲಿ ಪರಮ ಅಪಚಾರ. ಆದರೆ ಆ ಪಾದವು ಅರ್ಥವನ್ನು ಪಡೆಯುವುದು ರೂಢಿಯಿಂದಲ್ಲ, ಸ್ಪರ್ಶದಿಂದ. ‘ಇಲ್ಲಿ’ ಎಂಬ ನಿರ್ದೇಶಕ ಪದದ ಕೆಲಸವನ್ನು ಅದು ಮಾಡುತ್ತದೆ. ಪರ್ಸ್ ‘ಸೂಚಿ’ ಎಂದು ಕರೆದ ಸಂಜ್ಞೆಗೆ ಇದಕ್ಕಿಂತ ಚೊಕ್ಕ ನಿದರ್ಶನ ಸಿಗಲಾರದು. ಸಂಕೇತವಾಗಿ ಪಾಪ, ಸೂಚಿಯಾಗಿ ಭಕ್ತಿ: ಎರಡೂ ಒಂದೇ ದೇಹಭಾಗದಲ್ಲಿ ಏಕಕಾಲಕ್ಕೆ ನೆಲೆಸಿವೆ. ಪರ್ಸ್‌ನ ತ್ರಿವಿಧ ವಿಭಾಗವನ್ನು ಪೀಟರ್ ವೊಲೆನ್ 1969ರಲ್ಲಿ ಚಲನಚಿತ್ರಕ್ಕೆ ಅನ್ವಯಿಸಿದ್ದು ಇಂತಹ ಸಹವಾಸವನ್ನು ವಿವರಿಸಲೆಂದೇ.

ಭಾಷಾವಿಜ್ಞಾನಿಗೆ ಇನ್ನೂ ಕುತೂಹಲಕರವಾದುದು ಶೀರ್ಷಿಕೆಗಳ ಪ್ರಶ್ನೆ. ಚಲನಚಿತ್ರವು ಭಾಷಾವ್ಯವಸ್ಥೆಯೋ ಅಥವಾ ವ್ಯವಸ್ಥೆಯಿಲ್ಲದ ಅಭಿವ್ಯಕ್ತಿಯೋ ಎಂದು ಕ್ರಿಶ್ಚಿಯನ್ ಮೆಟ್ಸ್ 1964ರಲ್ಲಿ ಕೇಳಿದರು. ಅದೇ ವರ್ಷ ರೋಲಾಂ ಬಾರ್ತ್, ಚಿತ್ರದ ಅಲೆದಾಡುವ ಅರ್ಥಗಳಿಗೆ ಪದವು ಲಂಗರು ಹಾಕುತ್ತದೆ ಎಂದರು. ಅದಕ್ಕೆ ಹತ್ತು ವರ್ಷ ಮೊದಲೇ ಈ ಕಥೆ ಮೂರು ಲಂಗರುಗಳನ್ನು ಕಾಣತೊಡಗಿತ್ತು. 1954ರಲ್ಲೇ ಸಿಂಹ ಅವರು ರಾಜ್‌ಕುಮಾರ್ ಅವರನ್ನೇ ನಾಯಕರಾಗಿಸಿ ತೆಲುಗಿನಲ್ಲಿ ‘ಕಾಳಹಸ್ತಿ ಮಾಹಾತ್ಮ್ಯಂ’ ಮಾಡಿದರು. 1955ರಲ್ಲಿ ಹಿಂದಿಯ ‘ಶಿವ್ ಭಕ್ತ್’ ಬಂತು. ತೆಲುಗು ಶೀರ್ಷಿಕೆ ಕಥೆಯನ್ನು ಕ್ಷೇತ್ರಮಹಿಮೆಯಾಗಿ ಓದಿಸುತ್ತದೆ. ಕಾಳಹಸ್ತಿ ಆಂಧ್ರದಲ್ಲಿರುವುದರಿಂದ ಅದು ಸಹಜವೂ ಹೌದು. ಹಿಂದಿಯಲ್ಲಿ ಊರಿಲ್ಲ, ಕುಲವಿಲ್ಲ, ಕಣ್ಣಿಲ್ಲ. ಉಳಿದದ್ದು ಯಾವ ಶರಣನಿಗೂ ಒಪ್ಪುವ ಸಾಮಾನ್ಯ ನಾಮ.

ಕನ್ನಡದ ಹೆಸರು ಮಾತ್ರ ಮುಕ್ತಾಯವನ್ನು ಮೊದಲೇ ಹೇಳಿಬಿಡುತ್ತದೆ. ‘ಕಣ್+ಅಪ್ಪ’ ಎಂಬ ಪದರಚನೆ ಕೇಳುಗನಿಗೆ ಪಾರದರ್ಶಕ. ‘ದಿಣ್ಣ’ನೆಂಬ ಹುಟ್ಟುಹೆಸರು ಅಳಿದು, ಕೃತ್ಯವೇ ಹೆಸರಾಗಿ ನಿಂತಿದೆ. ಜೊತೆಗೆ ‘ಬೇಡ ಕಣ್ಣಪ್ಪ’ ಎಂದಿಲ್ಲ, ‘ಬೇಡರ ಕಣ್ಣಪ್ಪ’ ಎಂದಿದೆ. ಮೊದಲನೆಯದಾಗಿದ್ದರೆ ಅದು ವೃತ್ತಿಯನ್ನು ಹೇಳುವ ವಿಶೇಷಣವಾಗುತ್ತಿತ್ತು. ಷಷ್ಠಿಯ ಬಹುವಚನವು ಅವನನ್ನು ಗರ್ಭಗುಡಿಯಲ್ಲೂ ತನ್ನ ಜನರವನನ್ನಾಗಿಯೇ ಉಳಿಸುತ್ತದೆ.