ಅಂಚೆಚೀಟಿ ನುಂಗಿದ ಪೆಟ್ಟಿಗೆ

ಮನೆಯಲ್ಲಿ ಬ್ಯಾಂಕಿನಿಂದಲೋ ವಿಮಾ ಕಂಪನಿಯಿಂದಲೋ ಬಂದ ಹಳೆಯ ಲಕೋಟೆ ಇದ್ದರೆ ಅದರ ಬಲಮೂಲೆ ನೋಡಿ. ಎಷ್ಟೋ ಲಕೋಟೆಗಳ ಮೇಲೆ ಅಂಚೆಚೀಟಿ ಇರೋದಿಲ್ಲ. ಬದಲಿಗೆ ಕೆಂಪು ಶಾಯಿಯ ಒಂದು ಮುದ್ರೆ ಇರುತ್ತೆ: ದರ, ತಾರೀಖು, ಊರು, ಯಂತ್ರದ ನಂಬರು. ಇದೇ ಫ್ರಾಂಕಿಂಗ್. ಊರಲ್ಲಿ ಸ್ಟಾಂಪು ಕೂಡಿಡುತ್ತಿದ್ದ ಹುಡುಗನಿಗೆ ಇಂಥ ಲಕೋಟೆ ಬಂದರೆ ಬೇಜಾರು, ಕಿತ್ತಿಟ್ಟುಕೊಳ್ಳೋಕೆ ಏನೂ ಇರುತ್ತಿರಲಿಲ್ಲ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ನನಗೆ ಆ ಮುದ್ರೆಯೇ ಹೆಚ್ಚು ಸ್ವಾರಸ್ಯ ಅನ್ನಿಸಿದೆ. ಅದರ ಹಿಂದೆ ಒಂದು ಕಷ್ಟದ ಪ್ರಶ್ನೆ ಇದೆ. ದುಡ್ಡಿಗೆ ಸಮನಾದ ಮುದ್ರೆ ಒತ್ತುವ ಯಂತ್ರವನ್ನು ಸರ್ಕಾರ ಖಾಸಗಿಯವರ ಕೈಗೆ ಕೊಡೋದು ಹೇಗೆ?

ಕಥೆ ಶುರುವಾಗೋದು 1840ರ ಮೇ ತಿಂಗಳಲ್ಲಿ. ಬ್ರಿಟನ್ನಿನಲ್ಲಿ ಪೆನ್ನಿ ಬ್ಲ್ಯಾಕ್ ಬಂತು, ಕಾಗದ ಕಳಿಸುವವರೇ ಮುಂಗಡವಾಗಿ ದುಡ್ಡು ಕಟ್ಟೋದು ರೂಢಿಯಾಯಿತು. ಮನೆಮಂದಿಗೆ ಇದು ಅನುಕೂಲವೇ. ಆದರೆ ದಿನಕ್ಕೆ ಸಾವಿರಾರು ಕಾಗದ ಹಾಕುವ ಆಫೀಸುಗಳಿಗೆ ಎರಡು ತಲೆನೋವು. ಒಂದು, ಅಂಟಿಸುವ ಕೆಲಸ. ಇನ್ನೊಂದು, ಕಳ್ಳತನ. ಮೇಜಿನ ಖಾನೆಯಲ್ಲಿದ್ದ ಸ್ಟಾಂಪು ನಗದು ಇದ್ದ ಹಾಗೆ, ಯಾರು ಬೇಕಾದರೂ ಜೇಬಿಗಿಳಿಸಬಹುದು. ಅದಕ್ಕೆ ಜೋಸೆಫ್ ಸ್ಲೋಪರ್ ಅನ್ನುವವರು ಸ್ಟಾಂಪಿನಲ್ಲೇ ಸಣ್ಣ ತೂತುಗಳಿಂದ ಕಂಪನಿಯ ಹೆಸರಿನ ಅಕ್ಷರ ಮೂಡಿಸುವ ಉಪಾಯ ಕಂಡುಹಿಡಿದರು. 1868ರಲ್ಲಿ ಬ್ರಿಟಿಷ್ ಅಂಚೆ ಇದನ್ನು ಒಪ್ಪಿತು. ಇಂಥ ತೂತಿನ ಸ್ಟಾಂಪುಗಳು ಆಗಿನ ಭಾರತದಲ್ಲೂ ಓಡಾಡಿದವು.

ಇದರಿಂದ ಕಳ್ಳತನಕ್ಕೆ ತಡೆ ಬಿತ್ತು, ಅಂಟಿಸುವ ಕೆಲಸ ಮಾತ್ರ ಹಾಗೇ ಉಳಿಯಿತು. ಎರಡನ್ನೂ ಒಟ್ಟಿಗೆ ಬಗೆಹರಿಸಲು ಹೊರಟವರಲ್ಲಿ ಒಬ್ಬರು ಷಿಕಾಗೋದ ವಾಲ್‌ಪೇಪರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಆರ್ಥರ್ ಪಿಟ್ನಿ. ಅವರಿಗೆ ಪೇಟೆಂಟ್ ಸಿಕ್ಕಿದ್ದು 1902ರಲ್ಲಿ. ನ್ಯೂಜಿಲೆಂಡಿನಲ್ಲಿ ಅರ್ನೆಸ್ಟ್ ಮಾಸ್ ಅವರ ಯಂತ್ರಕ್ಕೆ 1904ರ ಹೊತ್ತಿಗೇ ಅವಕಾಶ ಸಿಕ್ಕಿತು. ಪಿಟ್ನಿ ಮಾತ್ರ ಕಾಯಬೇಕಾಯಿತು, ಒಂದೆರಡಲ್ಲ, ಹದಿನೆಂಟು ವರ್ಷ. ಕೊನೆಗೆ ಸ್ಟಾಂಪು ರದ್ದು ಮಾಡುವ ಯಂತ್ರಗಳ ವ್ಯಾಪಾರಿ ವಾಲ್ಟರ್ ಬೋಸ್ ಜೊತೆಯಾದರು. 1920ರಲ್ಲಿ ಪಿಟ್ನಿ-ಬೋಸ್ ಕಂಪನಿ ಹುಟ್ಟಿತು, ಅದೇ ವರ್ಷ ಅಮೆರಿಕದ ಅಂಚೆ ಇಲಾಖೆ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. 1922ರಿಂದ ದೇಶದೇಶಗಳ ನಡುವಿನ ಟಪಾಲಿಗೂ ಈ ಮುದ್ರೆ ಮಾನ್ಯವಾಯಿತು.

ಅಂಚೆ ಇಲಾಖೆಗಳು ಹಿಂಜರಿದದ್ದನ್ನು ನಾನು ತಪ್ಪು ಅನ್ನಲಾರೆ. ದುಡ್ಡು ಕಟ್ಟಬೇಕಾದವರ ಕೈಗೇ ಮುದ್ರೆ ಕೊಡೋದು ಅಂದರೆ ಕುರಿ ಕಾಯೋಕೆ ತೋಳನನ್ನು ಬಿಟ್ಟ ಹಾಗಲ್ಲವೇ? ಯಂತ್ರ ಗೆದ್ದದ್ದು ಒಳಗಿದ್ದ ಎರಡು ಎಣಿಕೆಗಳಿಂದ. ಒಂದು ಏರುತ್ತಾ ಹೋಗುತ್ತೆ, ಇದುವರೆಗೆ ಖರ್ಚಾದದ್ದನ್ನು ತೋರಿಸುತ್ತೆ. ಇನ್ನೊಂದು ಇಳಿಯುತ್ತಾ ಹೋಗುತ್ತೆ, ಉಳಿದದ್ದನ್ನು ತೋರಿಸುತ್ತೆ. ಹೊಸ ಯಂತ್ರಕ್ಕೆ 10,000 ರೂಪಾಯಿ ತುಂಬಿಸಿದ್ದೀರಿ ಅಂದುಕೊಳ್ಳಿ. 2,800 ಖರ್ಚಾಗಿದ್ದರೆ ಉಳಿದದ್ದು 7,200. ಯಾವ ಗಳಿಗೆಯಲ್ಲಿ ಕೂಡಿದರೂ ಮೊತ್ತ 10,000 ಬರಲೇಬೇಕು. ಬರಲಿಲ್ಲ ಅಂದರೆ ಯಾರೋ ಕೈ ಹಾಕಿದ್ದಾರೆ ಅಂತಲೇ ಅರ್ಥ. ಉಳಿದದ್ದು ಮುಗಿದರೆ ಯಂತ್ರ ತಾನಾಗೇ ನಿಲ್ಲುತ್ತೆ. ನಾವು ಇವತ್ತು ಲೆಡ್ಜರ್ ಕೋಡ್ ಬರೆಯುವಾಗ ಹಾಕುವ ಪರೀಕ್ಷೆಯೂ ಇದೇ. ಅದನ್ನು ಅವರು ಹಲ್ಲುಚಕ್ರಗಳಲ್ಲೇ ಬರೆದಿದ್ದರು!

ಇದರ ಮೇಲೆ ಇನ್ನಷ್ಟು ಕಾವಲು. ಲೆಕ್ಕ ಇಡುವ ಭಾಗಕ್ಕೆ ಅಂಚೆಯವರು ಸೀಲ್ ಹಾಕುತ್ತಿದ್ದರು. ದುಡ್ಡು ಮುಗಿದಾಗ ಆ ಭಾಗವನ್ನು ಬಿಚ್ಚಿ ಅಂಚೆ ಕಚೇರಿಗೆ ಹೊತ್ತೊಯ್ದು ತುಂಬಿಸಿಕೊಂಡು ಬರಬೇಕಿತ್ತು. ಅಮೆರಿಕದಲ್ಲಿ ಇವತ್ತಿಗೂ ಮೀಟರನ್ನು ಬಾಡಿಗೆಗೆ ಪಡೆಯಬಹುದು, ಕೊಂಡು ಸ್ವಂತ ಮಾಡಿಕೊಳ್ಳುವಂತಿಲ್ಲ. ನಮ್ಮಲ್ಲೂ ಅಂಚೆ ಇಲಾಖೆಯ ಪರವಾನಗಿ ಬೇಕು. ಕಾಗದದ ಮೇಲೆ ಯಂತ್ರದ ನಂಬರು ಇರೋದೂ ಸುಮ್ಮನೆ ಅಲ್ಲ. ಅನುಮಾನ ಬಂದರೆ ಯಾವ ಯಂತ್ರದ ಮುದ್ರೆ ಅಂತ ಕೂಡಲೇ ಗೊತ್ತಾಗುತ್ತೆ. ಮುದ್ರೆಯ ಪಕ್ಕದ ಖಾಲಿ ಜಾಗದಲ್ಲಿ ಕಂಪನಿಗಳು ತಮ್ಮ ಜಾಹೀರಾತನ್ನೂ ಒತ್ತಿಕೊಂಡವು, ಅದು ಬೇರೆ ಮಾತು.

1970ರ ದಶಕದ ಕೊನೆಗೆ ಫೋನಿನಲ್ಲೇ ದುಡ್ಡು ತುಂಬಿಸುವ ಸೌಲಭ್ಯ ಬಂತು. 1990ರ ದಶಕದಲ್ಲಿ ಅಮೆರಿಕದ ಅಂಚೆ ಇಲಾಖೆ ಡಿಜಿಟಲ್ ಸಹಿ ಇರುವ ಬಾರ್‌ಕೋಡ್ ಮುದ್ರೆಗೆ ನಿಯಮ ಮಾಡಿತು. ಸೀಸದ ಸೀಲಿನ ಜಾಗಕ್ಕೆ ಗುಪ್ತಲಿಪಿಯ ಕೀಲಿ ಬಂದು ಕೂತಿತು.

ಇದೆಲ್ಲ ಅಂಚೆಗಷ್ಟೇ ಸಂಬಂಧಿಸಿದ್ದು ಅಂದುಕೊಳ್ಳಬೇಡಿ. ಬೆಂಗಳೂರಲ್ಲಿ ಬಾಡಿಗೆ ಕರಾರು ಮಾಡಿಸಿದವರಲ್ಲಿ ಕೆಲವರಾದರೂ ಬ್ಯಾಂಕಿನಲ್ಲಿ ಮುದ್ರಾಂಕ ಶುಲ್ಕ ಕಟ್ಟಿ ಫ್ರಾಂಕಿಂಗ್ ಮಾಡಿಸಿರುತ್ತೀರಿ. ಯಂತ್ರ ಅದೇ ಜಾತಿಯದು. ಛಾಪಾ ಕಾಗದದ ಬೆಲೆ ಕಾಗದದಲ್ಲೇ ಇದ್ದರೆ ಏನಾಗುತ್ತೆ ಅಂತ ನಮ್ಮ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಹಗರಣ ಇಡೀ ದೇಶಕ್ಕೆ ತೋರಿಸಿತು. ನಕಲಿ ಕಾಗದ ಅಸಲಿಯಂತೆಯೇ ಕಂಡಿತು, ಕೈಯಲ್ಲಿ ಹಿಡಿದವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಆಮೇಲೆ ಬಂದ ಇ-ಸ್ಟಾಂಪಿನಲ್ಲಿ ಕಾಗದಕ್ಕೆ ಬೆಲೆ ಇಲ್ಲ, ಅದರ ಮೇಲಿನ ನಂಬರಿಗೆ ಬೆಲೆ. ಆ ನಂಬರನ್ನು ಆನ್‌ಲೈನಿನಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು.

ಮೆಟ್ರೋ ಕಾರ್ಡು, ಯುಪಿಐ ಲೈಟ್ ಎಲ್ಲವೂ ಈ ಪೆಟ್ಟಿಗೆಯ ಮೊಮ್ಮಕ್ಕಳೇ. ಮೊದಲೇ ತುಂಬಿಸು, ಬಳಸಿದಂತೆ ಕಳೆ, ಲೆಕ್ಕ ತಿದ್ದಲು ಬಿಡಬೇಡ. ಇವುಗಳಲ್ಲಿ ದುಡ್ಡು ನಮ್ಮ ಜೇಬಿನಲ್ಲಿದ್ದರೂ ಅದರ ಲೆಕ್ಕದ ಕೀಲಿ ನಮ್ಮ ಹತ್ತಿರ ಇರೋದಿಲ್ಲ. ಹಾಗಾಗಿ ಹೊಸ ಪೇಮೆಂಟ್ ಆ್ಯಪ್ ಯಾವುದೇ ಬರಲಿ, ನಾನು ಕೇಳೋದು ನೂರು ವರ್ಷದ ಹಿಂದೆ ಅಂಚೆಯವರು ಕೇಳಿದ ಪ್ರಶ್ನೆಯನ್ನೇ: ಎಣಿಸೋರು ಯಾರು, ಎಣಿಸಿದ್ದನ್ನು ತಾಳೆ ನೋಡೋರು ಯಾರು? ಇವೆರಡಕ್ಕೂ ಒಬ್ಬರದೇ ಹೆಸರು ಬಂದರೆ ಹುಷಾರಾಗಿರಿ.