ಅಂಚೆಯಲ್ಲಿ ಓಡಾಡಿದ ಜಾಡಿ: ಯೀಸ್ಟ್ ಸೋಂಕಿನ ಔಷಧಿಯ ಕಥೆ

ಇವತ್ತಿನ ಸಂಚಿಕೆಯ ವಿಷಯ ಯೋನಿಯ ಯೀಸ್ಟ್ ಸೋಂಕು. ಇಯರ್‌ಫೋನ್ ಹುಡುಕಬೇಕಾಗಿಲ್ಲ, ಜೋರಾಗೇ ಕೇಳಿ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುವ ತೊಂದರೆ ಇದು. ನಮ್ಮ ಮನೆಗಳಲ್ಲಿ ಇದಕ್ಕೆ ಪ್ರತ್ಯೇಕ ಹೆಸರೂ ಇಲ್ಲ. ಬಿಳಿಸೆರಗು, ಉಷ್ಣ ಆಗಿದೆ ಅನ್ನೋ ಮಾತುಗಳಲ್ಲೇ ಎಲ್ಲ ಮುಗಿದುಹೋಗುತ್ತೆ.

ಕಾರಣ ಕ್ಯಾಂಡಿಡಾ ಅನ್ನೋ ಶಿಲೀಂಧ್ರ. ಎಷ್ಟೋ ಜನರ ಮೈಯಲ್ಲಿ ಅದು ಸುಮ್ಮನೆ ಇರುತ್ತೆ, ಏನೂ ಮಾಡಲ್ಲ. ಜೊತೆಗಿರುವ ಬ್ಯಾಕ್ಟೀರಿಯಾಗಳು ಸತ್ತು ಜಾಗ ಖಾಲಿಯಾದರೆ ಬೆಳೆಯುತ್ತೆ. 1940ರ ದಶಕದಲ್ಲಿ ಆಗಿದ್ದು ಇದೇ. ಪೆನಿಸಿಲಿನ್ ಬಂತು, ಅದರ ಹಿಂದೆಯೇ ಬೇರೆ ಆ್ಯಂಟಿಬಯಾಟಿಕ್‌ಗಳೂ ಬಂದವು. ಜ್ವರ ಇಳಿಯಿತು, ಗಾಯ ಮಾಗಿತು, ಆದರೆ ಎಷ್ಟೋ ರೋಗಿಗಳಿಗೆ ಶಿಲೀಂಧ್ರದ ಕಾಟ ಶುರುವಾಯ್ತು. ಆಗ ಡಾಕ್ಟರ ಕೈಲಿ ಇದ್ದದ್ದು ಮುಖ್ಯವಾಗಿ ಜೆನ್ಷನ್ ವೈಲೆಟ್ ಅನ್ನೋ ನೇರಳೆ ಬಣ್ಣ. ಒಳಗೆ ಹಚ್ಚಿದರೆ ಬಟ್ಟೆಯೆಲ್ಲಾ ಕಲೆ. ನಾಚಿಕೆಯ ಕಾಯಿಲೆಗೆ ಊರಿಗೆಲ್ಲ ಕಾಣುವ ಮದ್ದು!

1948ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಇಬ್ಬರು ಹೆಂಗಸರು ಈ ಕೆಲಸಕ್ಕೆ ಕೈಹಾಕಿದರು. ಎಲಿಜಬೆತ್ ಲೀ ಹೇಜನ್ ಸೂಕ್ಷ್ಮಜೀವಿ ತಜ್ಞೆ, ಆಗಲೇ ಅರವತ್ತು ದಾಟಿದ್ದರು. ರೇಚಲ್ ಬ್ರೌನ್ ರಸಾಯನಶಾಸ್ತ್ರಜ್ಞೆ. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ, ನಡುವೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಹೇಜನ್ ಬೇರೆಬೇರೆ ಕಡೆಯ ಮಣ್ಣು ತರಿಸಿ, ಅದರಲ್ಲಿರುವ ಜೀವಿಗಳನ್ನು ಬೆಳೆಸಿ, ಶಿಲೀಂಧ್ರವನ್ನು ಕೊಲ್ಲುವಂಥದ್ದು ಸಿಕ್ಕರೆ ಗಾಜಿನ ಜಾಡಿಗೆ ಹಾಕಿ ಅಂಚೆಯಲ್ಲಿ ಆಲ್ಬನಿಗೆ ಕಳಿಸೋರು. ಬ್ರೌನ್ ಅದರ ಸಾರ ತೆಗೆದು ಮತ್ತೆ ಅಂಚೆಗೆ ಹಾಕೋರು. ಬಹಳಷ್ಟು ಸಾರಗಳು ಶಿಲೀಂಧ್ರದ ಜೊತೆಗೆ ಪ್ರಯೋಗದ ಪ್ರಾಣಿಗಳನ್ನೂ ಕೊಲ್ಲುತ್ತಿದ್ದವು. ಮತ್ತೆ ಮಣ್ಣು, ಮತ್ತೆ ಜಾಡಿ.

ಕೊನೆಗೆ ಬೇಕಾದ್ದು ಸಿಕ್ಕಿದ್ದು ವರ್ಜೀನಿಯಾದಲ್ಲಿ, ಹೇಜನ್ ಅವರ ಸ್ನೇಹಿತರಾದ ನರ್ಸ್ ದಂಪತಿಯ ಹೊಲದ ಮಣ್ಣಲ್ಲಿ. ನರ್ಸ್ ಅನ್ನೋದು ಅವರ ಮನೆತನದ ಹೆಸರು, ಆ ಜೀವಿಗೂ ಅದೇ ಹೆಸರಿಟ್ಟರು. ಔಷಧಿಗೆ ಮಾತ್ರ ತಮ್ಮ ರಾಜ್ಯದ ಹೆಸರು: ನ್ಯೂಯಾರ್ಕ್ ಸ್ಟೇಟ್‌ನಿಂದ ನಿಸ್ಟಾಟಿನ್. 1950ರಲ್ಲಿ ಲೋಕಕ್ಕೆ ತಿಳಿಸಿದರು, 1954ರಲ್ಲಿ ಸ್ಕ್ವಿಬ್ ಕಂಪನಿ ಮಾರುಕಟ್ಟೆಗೆ ತಂತು.

ಬಿ.ಕಾಂ. ಓದಿದವನ ಕಣ್ಣು ಇಲ್ಲಿ ಲೆಕ್ಕದ ಕಡೆ ಹೋಗುತ್ತೆ. ಪೇಟೆಂಟ್ ಇದ್ದಷ್ಟು ಕಾಲ ಬಂದ ರಾಯಧನ ಸುಮಾರು 1.3 ಕೋಟಿ ಡಾಲರ್. ಅದನ್ನು ಇಬ್ಬರೂ ತಮ್ಮ ಜೇಬಿಗೆ ಹಾಕ್ಕೊಳ್ಳದೆ ವಿಜ್ಞಾನ ಸಂಶೋಧನೆಗೆ ಬಿಟ್ಟುಕೊಟ್ಟರು. ಔಷಧಿ ಆಸ್ಪತ್ರೆ ದಾಟಿಯೂ ಹೋಯ್ತು. 1966ರಲ್ಲಿ ಇಟಲಿಯ ಫ್ಲಾರೆನ್ಸ್ ನೆರೆಯಲ್ಲಿ ನೆನೆದ ಚಿತ್ರಗಳಿಗೆ ಬೂಸ್ಟು ಹಿಡಿದಾಗ ಬಳಸಿದ್ದೂ ನಿಸ್ಟಾಟಿನ್ನೇ.

ಇವತ್ತು ಡಾಕ್ಟರು ಹೆಚ್ಚಾಗಿ ಬರೆಯೋದು ಕ್ಲೋಟ್ರಿಮಜೋಲ್ ಅಥವಾ ಒಂದೇ ಡೋಸಿನ ಫ್ಲೂಕೊನಜೋಲ್. ಎರಡನೆಯದನ್ನು ಬಸುರಿಯರು ನುಂಗಬಾರದು. ಮದ್ದು ಅಗ್ಗ, ಮೂಲೆಮೂಲೆಯ ಮೆಡಿಕಲ್ ಶಾಪ್‌ನಲ್ಲೂ ಇದೆ. ನನ್ನ ತಕರಾರು ಇರೋದು ಮೆಡಿಕಲ್ ಶಾಪ್ ಕೌಂಟರ್‌ನಲ್ಲೇ ರೋಗ ತೀರ್ಮಾನ ಆಗೋದರ ಬಗ್ಗೆ. ತುರಿಕೆ ಅಂದ ಕೂಡಲೇ ಸ್ಟೀರಾಯ್ಡ್ ಬೆರೆತ ಮುಲಾಮು ಕೈಗೆ ಬರುತ್ತೆ. ತುರಿಕೆ ಅಡಗುತ್ತೆ, ಸೋಂಕು ಉಳಿಯುತ್ತೆ. ಇನ್ನು ಕೆಲವರು ಹಳೇ ಆ್ಯಂಟಿಬಯಾಟಿಕ್ ಚೀಟಿಯನ್ನೇ ಮತ್ತೆ ತೋರಿಸ್ತಾರೆ. ಯೀಸ್ಟ್‌ಗೆ ಅದು ಔಷಧಿಯಲ್ಲ, ಅವಕಾಶ.

ಒಡೆದ ಹಾಲಿನಂಥ ಗಟ್ಟಿ ಬಿಳುಪು, ವಿಪರೀತ ತುರಿಕೆ, ಆದರೆ ವಾಸನೆ ಇಲ್ಲ ಅಂದ್ರೆ ಬಹುಶಃ ಯೀಸ್ಟ್. ಮೀನಿನ ವಾಸನೆಯ ತೆಳು ಬೂದು ಸ್ರಾವ ಬ್ಯಾಕ್ಟೀರಿಯಾದ್ದು, ಅದರ ಔಷಧಿಯೇ ಬೇರೆ. ಹಳದಿ-ಹಸಿರು, ನೊರೆನೊರೆ ಇದ್ದರೆ ಟ್ರೈಕೊಮೊನಾಸ್ ಇರಬಹುದು, ಆಗ ಗಂಡನಿಗೂ ಚಿಕಿತ್ಸೆ ಬೇಕು. ಸೋಪು ಹಾಕಿ ಒಳಗೆಲ್ಲ ತೊಳೆಯೋದು ಯಾವುದಕ್ಕೂ ಪರಿಹಾರ ಅಲ್ಲ. ವರ್ಷಕ್ಕೆ ಮೂರ್ನಾಲ್ಕು ಸಲ ಮರುಕಳಿಸಿದರೆ ಸಕ್ಕರೆ ಕಾಯಿಲೆ ಇದೆಯಾ ಅಂತಲೂ ರಕ್ತಪರೀಕ್ಷೆ ಮಾಡಿಸಿ. ಬಸುರಿಯಾಗಿದ್ದರೆ, ಜ್ವರ ಅಥವಾ ಕಿಬ್ಬೊಟ್ಟೆ ನೋವಿದ್ದರೆ, ಅಂಗಡಿ ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಿ. ಸ್ರಾವದ ಒಂದು ಹನಿಯನ್ನು ಗಾಜಿನ ಪಟ್ಟಿ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡೋಕೆ ಕೆಲವೇ ನಿಮಿಷ ಸಾಕು. ಮಾಡ್ತೀರಾ ಅಂತ ನೀವೇ ಕೇಳಬಹುದು.